ಬಂಧುತ್ವದ ನೀಲಿ ಬಟ್ಟೆ

ನೈಜೀರಿಯಾದ ಲಾಗೋಸಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಮದುವೆಯ ಚಿತ್ರವೊಂದನ್ನು ಕಳುಹಿಸಿ, "ಮೇಷ್ಟ್ರೇ, ಇವರೆಲ್ಲ ಒಂದೇ ಶಾಲೆಯವರೇ?" ಎಂದು ತಮಾಷೆ ಮಾಡಿದ್ದಾನೆ. ಚಿತ್ರದಲ್ಲಿದ್ದ ಹೆಂಗಸರೆಲ್ಲರೂ ಒಂದೇ ಬಗೆಯ ನೀಲಿ ಬಟ್ಟೆ ಉಟ್ಟಿದ್ದರು. ಇದು ಯೊರುಬಾ ಜನರ 'ಅಶೊ ಎಬಿ'. ಅಶೊ ಎಂದರೆ ಬಟ್ಟೆ, ಎಬಿ ಎಂದರೆ ಕುಟುಂಬ.

ನಮ್ಮಲ್ಲಿ ಮದುವೆ ಮನೆಯವರೇ ಬಂಧುಗಳಿಗೆ ಸೀರೆ, ಪಂಚೆ ಉಡುಗೊರೆ ಕೊಡುವುದುಂಟು. ಅಲ್ಲಿ ಮನೆಯವರು ಬಟ್ಟೆಯನ್ನು ಆರಿಸುತ್ತಾರೆ. ಸಾಮಾನ್ಯವಾಗಿ ಹಣ ತೆತ್ತು ಕೊಳ್ಳುವವರು ಬಂಧುಮಿತ್ರರೇ. ಉಟ್ಟು ಬಂದವರು ನಮ್ಮವರು ಎಂಬುದು ನೋಡಿದೊಡನೆ ತಿಳಿಯುತ್ತದೆ. ಕೈಯಲ್ಲಿ ಕಾಸಿಲ್ಲದವರ ಸಂಕಟವೂ ಅಷ್ಟೇ ಬೇಗ ತಿಳಿಯುತ್ತದೆ.

ಅಶೊ ಎಬಿಗೆ ಬಳಸುವ ಬಟ್ಟೆಗಳಲ್ಲಿ 'ಅದಿರೆ'ಯೂ ಒಂದು. ಕಟ್ಟಿ ಬಣ್ಣ ಹಾಕಿದ್ದು ಎಂದು ಆ ಪದದ ಅರ್ಥ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಗಿರಣಿಗಳ ಬಿಳಿ ಬಟ್ಟೆ ಅಗ್ಗವಾಗಿ ಸಿಗತೊಡಗಿದಾಗ ಅಬೆಯೊಕುಟಾ ನಗರದ ಹೆಂಗಸರು ಈ ಕಸುಬನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದರು. ಬಟ್ಟೆಯನ್ನು ನಾರಿನಿಂದ ಬಿಗಿದೋ, ಮರಗೆಣಸಿನ ಗಂಜಿಯಲ್ಲಿ ಕೋಳಿಗರಿಯಿಂದ ಚಿತ್ರ ಬರೆದೋ ನೀಲಿಯಲ್ಲಿ ಅದ್ದುವುದು. ಗಂಜಿ ಹತ್ತಿದ ಕಡೆ ಬಣ್ಣ ಹಿಡಿಯದು. ಎಲೆಗಳನ್ನು ಕುಟ್ಟಿ, ಒಣಗಿಸಿ, ಬೂದಿನೀರಿನಲ್ಲಿ ಹುದುಗಿಸಿ ನೀಲಿ ತೆಗೆಯಲು ದಿನಗಳೇ ಬೇಕು. ಒಂದು ವಿನ್ಯಾಸಕ್ಕೆ 'ಇಬಾದಾನ್ ಸೊಗಸು' ಎಂಬರ್ಥದ ಹೆಸರು. ಅದರಲ್ಲಿ ಆ ನಗರದ ಮಾಪೊ ಸಭಾಭವನದ ಕಂಬಗಳಿವೆ. 1935ರಲ್ಲಿ ಐದನೆಯ ಜಾರ್ಜ್ ದೊರೆಯ ಪಟ್ಟದ ಬೆಳ್ಳಿಹಬ್ಬವೂ ಅದಿರೆಯ ಮೇಲೆ ಮೂಡಿತು.

ಆ ವೇಳೆಗೆ ಬೇಡಿಕೆ ಕುಸಿದಿತ್ತು. ಖರ್ಚು, ಸಮಯ ಉಳಿಸಲು ಹೆಂಗಸರು ಕಾಸ್ಟಿಕ್ ಸೋಡಾ, ಕೃತಕ ನೀಲಿಗಳನ್ನು ಹಿಡಿದರು. ಬಟ್ಟೆ ಕೆಡುತ್ತದೆಂಬ ದೂರು ಬಂದು, ಅಲ್ಲಿನ ಅರಸ ಅಲಾಕೆ ಎರಡನೆಯ ಅದೆಮೊಲ ಅವನ್ನು ನಿಷೇಧಿಸಿದ. ಬಣ್ಣಗಾರ್ತಿಯರು ಸುಮ್ಮನಿರಲಿಲ್ಲ, 1936ರಲ್ಲಿ ವಿಚಾರಣಾ ಆಯೋಗವೇ ಕೂಡಬೇಕಾಯಿತು. ಸಂತೆಯ ಹೆಂಗಸರೆಂದು ಹಗುರಾಗಿ ಕಾಣುವವರು ಇದನ್ನು ಓದಬೇಕು. ಮುಂದೆ ಹೆಂಗಸರ ಮೇಲಿನ ತೆರಿಗೆಯ ವಿರುದ್ಧ ಅದೇ ನಗರದಲ್ಲಿ ಫುನ್ಮಿಲಾಯೊ ರಾನ್ಸಮ್-ಕುಟಿಯವರ ನೇತೃತ್ವದಲ್ಲಿ ಸಾವಿರಾರು ಸ್ತ್ರೀಯರು ಬೀದಿಗಿಳಿದರು. 1949ರಲ್ಲಿ ಅದೇ ಅರಸ ಕೆಲಕಾಲ ಪಟ್ಟ ಬಿಡಬೇಕಾಯಿತು. ಆ ಊರಿನಲ್ಲೇ ಹುಟ್ಟಿದ ವೊಲೆ ಸೊಯಿಂಕಾ ತಮ್ಮ ಬಾಲ್ಯದ ಆತ್ಮಕಥೆ 'ಆಕೆ'ಯಲ್ಲಿ ಆ ಹೋರಾಟವನ್ನು ಬರೆದಿದ್ದಾರೆ.

ಈಗ ಯಂತ್ರದಲ್ಲಿ ಅಚ್ಚು ಹಾಕಿದ ಅಗ್ಗದ ಅನುಕರಣೆ ಚೀನಾದಿಂದ ಬರುತ್ತಿದೆ. ಕೊಳ್ಳಲಾಗದವರಿಗೆ ಅದರಿಂದ ಅನುಕೂಲವೇ ಆಗಿರಬಹುದು, ಬಣ್ಣಗಾರ್ತಿಗೆ ಮಾತ್ರ ಅಲ್ಲ. ಚಿತ್ರದಲ್ಲಿದ್ದದ್ದು ಯಾವುದೆಂದು ವಿಚಾರಿಸಿ ತಿಳಿಸು ಎಂದು ಶಿಷ್ಯನಿಗೆ ಬರೆದಿದ್ದೇನೆ.