ಪಟೇಲರ ಚಾವಡಿಯಿಂದ ಗ್ರಾಮಸಭೆಗೆ

ನೂರು ವರ್ಷ ತುಂಬಿದ ಧರ್ಮಕೇಂದ್ರದ ಚರಿತ್ರೆಯನ್ನು ಬರೆಯುವಾಗ ಅದರ ಸುತ್ತಲಿನ ಗ್ರಾಮದ ಚರಿತ್ರೆಯನ್ನು ಬದಿಗಿಡಲಾಗದು. ಇಗರ್ಜಿಯಲ್ಲಿ ಮೊಣಕಾಲೂರಿದ ನಮ್ಮ ಹಿರಿಯರೇ ಹೊರಗೆ ತೀರ್ವೆ ಕಟ್ಟಿದವರು, ಗೇಣಿ ಅಳೆದವರು, ಮುಂದೆ ಮತ ಹಾಕಿದವರು. ದಕ್ಷಿಣ ಕನ್ನಡದ ಸಣ್ಣ ಗ್ರಾಮದ ಆಡಳಿತವು ಒಂದು ಮನೆತನದ ಚಾವಡಿಯಿಂದ ಹೊರಟು ಸರ್ವರ ಸಭೆಯನ್ನು ಸೇರಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಬಯಸುತ್ತೇವೆ.

ನಮ್ಮ ಜಿಲ್ಲೆಯ ಗ್ರಾಮಗಳು ಘಟ್ಟದ ಮೇಲಿನ ಊರುಗಳಂತೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಗದ್ದೆಯ ಬದಿಯಲ್ಲಿ ಒಂದು ಮನೆ, ತೋಟದಾಚೆ ಇನ್ನೊಂದು, ಗುಡ್ಡದ ತಪ್ಪಲಿನಲ್ಲಿ ಮತ್ತೊಂದು. ಹೀಗೆ ಚದುರಿದ ಒಕ್ಕಲನ್ನು ಒಂದು ಗ್ರಾಮವೆಂದು ಸರಕಾರವು ಗುರುತಿಸುತ್ತಿದ್ದುದು ಪಟೇಲ, ಶಾನುಭೋಗ ಹಾಗೂ ಉಗ್ರಾಣಿ ಎಂಬ ಮೂವರ ಮೂಲಕ. ತೀರ್ವೆಯ ವಸೂಲಿ ಪಟೇಲರದು. ವರ್ಗದ ಲೆಕ್ಕ, ಅಡಂಗಲು ಶಾನುಭೋಗರದು. ಕರೆ ಮುಟ್ಟಿಸುವ ಕೆಲಸ ಉಗ್ರಾಣಿಯದು. ಪಟೇಲಿಕೆ ಸಾಮಾನ್ಯವಾಗಿ ಭೂಮಿಯುಳ್ಳ ಮನೆತನದಲ್ಲಿ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಗ್ರಾಮಕ್ಕೆ ಕಛೇರಿಯೆಂದು ಬೇರೆ ಕಟ್ಟಡವಿರಲಿಲ್ಲ. ಆ ಮನೆಯ ಚಾವಡಿಯೇ ಕಛೇರಿ.

ಆ ಕಾಲದಲ್ಲಿ ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ ತರುವಾಯ 1884ರ ಮದರಾಸು ಸ್ಥಳೀಯ ಮಂಡಳಿಗಳ ಕಾಯಿದೆ ಬಂದಿತು. 1920ರಲ್ಲಿ ಗ್ರಾಮ ಪಂಚಾಯತುಗಳಿಗೆಂದೇ ಪ್ರತ್ಯೇಕ ಕಾಯಿದೆಯಾಯಿತು. ಆದರೆ ಚಾವಡಿಯ ಅಧಿಕಾರವು ಇವುಗಳಿಂದ ಅಲುಗಲಿಲ್ಲ. ಮದರಾಸಿನ 1950ರ ಪಂಚಾಯತು ಕಾಯಿದೆ, 1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರ್ಪಡೆಯಾದುದು, ಅನಂತರದ 1959ರ ಮೈಸೂರು ಗ್ರಾಮ ಪಂಚಾಯತುಗಳ ಹಾಗೂ ಸ್ಥಳೀಯ ಮಂಡಳಿಗಳ ಕಾಯಿದೆ, ಇವು ಬೆನ್ನುಬೆನ್ನಿಗೆ ಬಂದು, ಗ್ರಾಮದ ಪ್ರತಿಯೊಬ್ಬ ವಯಸ್ಕ ಸ್ತ್ರೀಪುರುಷನ ಮತದಿಂದ ಆರಿಸಿ ಬಂದ ಪಂಚಾಯತು ಸ್ಥಾಪಿತವಾಯಿತು. ಪರಂಪರಾಗತ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದಿತು. ಲೆಕ್ಕದ ಪುಸ್ತಕಗಳು ಶಾನುಭೋಗರ ಪೆಟ್ಟಿಗೆಯಿಂದ ಸರಕಾರವು ನೇಮಿಸಿದ ಗ್ರಾಮ ಲೆಕ್ಕಿಗನ ಕೈಸೇರಿದವು.

ಕಾಗದದ ಮೇಲೆ ಇದು ದೊಡ್ಡ ಕ್ರಾಂತಿ. ಆದರೆ ವಾಸ್ತವದಲ್ಲಿ ಆದುದೇನು? ಒಕ್ಕಲಿನವನಿಗೆ ಮತ ಬಂದಿತ್ತು, ನೆಲ ಬಂದಿರಲಿಲ್ಲ. ಚಾಲಗೇಣಿಯ ಗದ್ದೆಯನ್ನು ಉತ್ತು, ವರ್ಷವರ್ಷವೂ ಧಣಿಗಳ ಅಂಗಳಕ್ಕೆ ಅಕ್ಕಿಮುಡಿಯನ್ನು ಹೊತ್ತು ಹಾಕುವವನು, ಅದೇ ಧಣಿಗಳ ಎದುರಿಗೆ ಉಮೇದುವಾರನಾಗಿ ನಿಲ್ಲುವುದಾದರೂ ಹೇಗೆ? ಒಕ್ಕಲೆಬ್ಬಿಸಿದರೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕೆಂಬ ಭಯವು ಮತಪತ್ರಕ್ಕಿಂತ ಭಾರವಾಗಿತ್ತು. ಆದಕಾರಣ ಪಟೇಲಿಕೆ ಹೋದ ಮೇಲೂ ಆ ಗೌರವದ ಕುರ್ಚಿಯಲ್ಲಿ ಹಳೆಯ ಮನೆತನದವರೇ ಕುಳಿತುದು ಅನೇಕ ಕಡೆಗಳಲ್ಲಿ ಸಹಜವಾಗಿಯೇ ತೋರಿತು.

ಈ ಭಯದ ಬೇರನ್ನು ಸಡಿಲಿಸಿದುದು ಭೂಸುಧಾರಣೆ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿಯ ಭೂಮಿ ಸರಕಾರದಲ್ಲಿ ನಿಹಿತವಾಯಿತು. ಉಳುವವನು ಡಿಕ್ಲರೇಶನ್ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಿದರೆ ಭೂಮಿ ಅವನದಾಯಿತು. ನಮ್ಮ ಕ್ರೈಸ್ತ ಒಕ್ಕಲುಗಳಲ್ಲಿಯೂ ಎಷ್ಟೋ ಕುಟುಂಬಗಳು ಸ್ವಂತ ನೆಲದ ಮೇಲೆ ನಿಂತುದು ಆಗಲೇ. ಸಣ್ಣ ಹಿಡುವಳಿಯ ಗೇಣಿಯನ್ನೇ ನೆಚ್ಚಿ ಬದುಕಿದ್ದ ಕೆಲವು ಧಣಿ ಮನೆಗಳು ಇದರಿಂದ ಕಷ್ಟಕ್ಕೀಡಾದುದನ್ನೂ ನ್ಯಾಯದೃಷ್ಟಿಯಿಂದ ಹೇಳಲೇಬೇಕು. 1959ರ ಕಾಯಿದೆ ಕೊಟ್ಟ ಮತಕ್ಕೆ ಬಲ ಬಂದುದು ಹದಿನೈದು ವರ್ಷಗಳ ಅನಂತರವೆಂಬುದು ನಮ್ಮ ಅಭಿಪ್ರಾಯ.

ಮುಂದಿನ ಬದಲಾವಣೆಗೆ ಅಬ್ದುಲ್ ನಜೀರ್ ಸಾಬರ ಹೆಸರು ಅಂಟಿಕೊಂಡಿದೆ. 1983ರ ಕಾಯಿದೆಯಂತೆ 1987ರ ಆರಂಭದಲ್ಲಿ ಚುನಾವಣೆಗಳು ನಡೆದು, 8,000ದಿಂದ 12,000 ಜನಸಂಖ್ಯೆಗೊಂದರಂತೆ ಮಂಡಲ ಪಂಚಾಯತುಗಳು ಏರ್ಪಟ್ಟವು. ಮಹಿಳೆಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಟ್ಟುದು ಅದರ ಹಿರಿಮೆ. ಆದರೆ ಹಲವು ಗ್ರಾಮಗಳು ಒಂದೇ ಮಂಡಲದಲ್ಲಿ ಕೂಡಿದುದರಿಂದ ಸಣ್ಣ ಗ್ರಾಮದವರಿಗೆ ಕಛೇರಿ ದೂರವಾಯಿತು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು 5,000ದಿಂದ 7,000 ಜನಸಂಖ್ಯೆಗೊಂದು ಗ್ರಾಮ ಪಂಚಾಯತನ್ನು ವಿಧಿಸಿತು. ನಮ್ಮಂಥ ಕೆಲವು ಜಿಲ್ಲೆಗಳಲ್ಲಿ ಮನೆಗಳು ಚದುರಿರುವುದರಿಂದ 2,500ಕ್ಕೂ ಒಂದನ್ನು ರಚಿಸಲು ಅವಕಾಶವಿತ್ತಿತು. ಮೂರನೆಯ ಒಂದು ಪಾಲಿದ್ದ ಮಹಿಳಾ ಮೀಸಲಾತಿ 2010ರ ತಿದ್ದುಪಡಿಯಿಂದ ಅರ್ಧಕ್ಕೇರಿತು. ಅಂಗಳದ ಅಂಚಿನಲ್ಲಿ ನಿಂತು ಮಾತು ಕೇಳಿಸಿಕೊಳ್ಳುತ್ತಿದ್ದ ಅಜ್ಜಿಯ ಮೊಮ್ಮಗಳು ಇಂದು ಅಧ್ಯಕ್ಷೆಯ ಪೀಠದಲ್ಲಿ ಕುಳಿತು ಸಭೆ ನಡೆಸಬಲ್ಲಳು.

ಹಳೆಯದೆಲ್ಲವೂ ಕೆಟ್ಟದೆಂದು ನಾವು ಹೇಳುವುದಿಲ್ಲ. ಯಾವ ಗದ್ದೆಯ ಗಡಿ ಎಲ್ಲಿ, ಯಾವ ಮನೆಯ ಕಷ್ಟ ಏನು ಎಂಬುದನ್ನು ಬಲ್ಲ ಪಟೇಲರು ಅನೇಕರಿದ್ದರು; ಎಷ್ಟೋ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತದೆ ಚಾವಡಿಯಲ್ಲೇ ಮುಗಿದವು. ಆದರೆ ಆ ನ್ಯಾಯವು ದೊರೆಯುತ್ತಿದ್ದುದು ಆ ಮನೆಯ ಯಜಮಾನರ ಒಳ್ಳೆಯತನದಿಂದ, ನಮ್ಮ ಹಕ್ಕಿನಿಂದಲ್ಲ. ಅವರು ಮುನಿದರೆ ಒಕ್ಕಲಿನವನು ದೂರು ಹೇಳಿಕೊಳ್ಳಲು ಊರಿನಲ್ಲಿ ಬೇರೆ ಬಾಗಿಲಿರಲಿಲ್ಲ.

ಆ ಹಕ್ಕು ಈಗ ನಮ್ಮ ಕೈಯಲ್ಲಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದು ಕಾಯಿದೆಯ ವಿಧಿ. ಅಲ್ಲಿ ರಸ್ತೆ, ನೀರು, ಮನೆ, ದೀಪಗಳ ಲೆಕ್ಕವನ್ನು ಯಾವ ಮತದಾರನೂ ಎದ್ದುನಿಂತು ಕೇಳಬಹುದು. ವಾಳೆಯ ಕುಟುಂಬಗಳ ಸುಖದುಃಖಗಳನ್ನು ಗುರ್ಕಾರರ ಮುಖಾಂತರ ವಿಚಾರಿಸಿ ಬಲ್ಲ ನಮಗೆ ನೆರೆಹೊರೆಯ ಮಾತನ್ನು ಸಭೆಗೆ ಒಯ್ಯುವುದು ಹೊಸ ವಿದ್ಯೆಯಲ್ಲ. ಆ ದಿನ ಖಾಲಿ ಕುರ್ಚಿಗಳು ಮಾತ್ರ ಸಾಲಾಗಿದ್ದರೆ ಅಧಿಕಾರವು ಮತ್ತೆ ಯಾವುದೋ ಒಂದು ಚಾವಡಿಯನ್ನು ಹುಡುಕಿಕೊಂಡು ಹೋಗುವುದು. ನಮ್ಮ ಯುವಜನರು ಇದನ್ನರಿತು ಮುಂದಿನ ಗ್ರಾಮಸಭೆಗೆ ತಪ್ಪದೆ ಹಾಜರಾಗಲೆಂದು ಹಾರೈಸುತ್ತೇವೆ.