ಉಬ್ಬಿದ ಧಮನಿಯ ಕಥೆ

ಸೈಕಲ್ಲಿನ ಹಳೆಯ ಟ್ಯೂಬಿಗೆ ಗಾಳಿ ತುಂಬುವುದನ್ನು ನೀವು ನೋಡಿರಬಹುದು. ರಬ್ಬರು ಸವೆದ ಕಡೆ ಅದು ಗುಳ್ಳೆಯಂತೆ ಉಬ್ಬುತ್ತದೆ; ಉಬ್ಬಿದಷ್ಟೂ ತೆಳುವಾಗುತ್ತದೆ; ಕೊನೆಗೊಮ್ಮೆ ಒಡೆಯುತ್ತದೆ. ನಮ್ಮ ದೇಹದ ಧಮನಿಗಳಿಗೂ ಇಂಥ ಗತಿ ಒದಗುವುದುಂಟು. ವೈದ್ಯರು ಅದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ. ಧಮನಿಯು ಕೆಲವೊಮ್ಮೆ ಸುತ್ತಲೂ ಕದಿರಿನಂತೆ ಹಿಗ್ಗುತ್ತದೆ. ಕೆಲವೊಮ್ಮೆ ಒಂದೇ ಪಕ್ಕಕ್ಕೆ ಚೀಲದಂತೆ ಜೋಲುತ್ತದೆ. ಮಿದುಳಿನ ಬುಡದಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆ. ವಯಸ್ಸು, ಏರಿದ ರಕ್ತದೊತ್ತಡ, ತಂಬಾಕಿನ ಹೊಗೆ, ಕೆಲವರಲ್ಲಿ ಹುಟ್ಟಿನಿಂದಲೇ ಬಂದ ದೌರ್ಬಲ್ಯ – ಇವು ಧಮನಿಯ ಗೋಡೆಯನ್ನು ಸಡಿಲಗೊಳಿಸುತ್ತವೆ.

ಇದಕ್ಕೆ ಮದ್ದೇನು? ಪ್ರಶ್ನೆ ಬಹಳ ಹಳೆಯದು. ಎರಡನೆಯ ಶತಮಾನದ ಗ್ರೀಕ್ ವೈದ್ಯ ಆಂಟಿಲ್ಲಸ್ ಉಬ್ಬಿನ ಮೇಲೂ ಕೆಳಗೂ ಧಮನಿಯನ್ನು ಕಟ್ಟಿ, ನಡುವಣ ಚೀಲವನ್ನು ಸೀಳುತ್ತಿದ್ದನು. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ರೋಗಿಯ ಪಾಡನ್ನು ನೀವೇ ಊಹಿಸಿಕೊಳ್ಳಿ.

1785ರ ಡಿಸೆಂಬರಿನಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಗೆ ಒಬ್ಬ ಕುದುರೆಗಾಡಿಯ ಸಾರಥಿ ಬಂದನು. ಅವನ ಮಂಡಿಯ ಹಿಂಬದಿಯಲ್ಲಿ ಇಂಥ ಉಬ್ಬು. ಅಂದಿನ ವಾಡಿಕೆಯಂತೆ ಕಾಲನ್ನೇ ಕತ್ತರಿಸಬಹುದಾಗಿತ್ತು. ಕಾಲು ಹೋದರೆ ಸಾರಥಿಯ ಅನ್ನವೂ ಹೋದಂತೆಯೇ. ಶಸ್ತ್ರವೈದ್ಯ ಜಾನ್ ಹಂಟರ್ ಉಬ್ಬನ್ನು ಮುಟ್ಟಲಿಲ್ಲ. ದೂರದಲ್ಲಿ, ತೊಡೆಯಲ್ಲಿಯೇ, ಧಮನಿಯನ್ನು ಕಟ್ಟಿದನು. ರಕ್ತವು ಚಿಕ್ಕ ಕವಲುಗಳ ದಾರಿ ಹಿಡಿದು ಕಾಲನ್ನು ಉಳಿಸಿತು. ಸುಮಾರು ಆರು ವಾರಗಳಲ್ಲಿ ಆತ ಮನೆಗೆ ಹೊರಟನು.

ಆದರೆ ಹೊಟ್ಟೆಯಲ್ಲಿ ಇಳಿಯುವ ಮಹಾಧಮನಿ ಉಬ್ಬಿದರೆ? ಅದನ್ನು ಸುಮ್ಮನೆ ಕಟ್ಟಿಬಿಡುವಂತಿಲ್ಲ. ಕೆಳಗಿನ ಅರ್ಧ ದೇಹಕ್ಕೆ ರಕ್ತ ಹೋಗಬೇಕಾದದ್ದು ಅದರಲ್ಲಿಯೇ. 1948ರಲ್ಲಿ ವಿಜ್ಞಾನಿ ಐನ್‌ಸ್ಟೈನರಿಗೆ ಈ ವ್ಯಾಧಿ ಕಂಡಾಗ, ನ್ಯೂಯಾರ್ಕಿನಲ್ಲಿ ಡಾಕ್ಟರ್ ರುಡಾಲ್ಫ್ ನಿಸ್ಸೆನ್ ಉಬ್ಬಿನ ಸುತ್ತ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಅದರ ಕೆರಳಿಕೆಯಿಂದ ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಗೋಡೆಗೆ ಆಸರೆಯಾಗಲೆಂಬುದು ಉದ್ದೇಶ. ಆರು ವರ್ಷಗಳಿಗೂ ಮೀರಿ ಆಸರೆ ನಿಂತಿತು.

ಅಷ್ಟರಲ್ಲಿ, 1951ರಲ್ಲಿ, ಪ್ಯಾರಿಸ್ಸಿನ ಶಾರ್ಲ್ ಡ್ಯುಬೊ ಕೆಟ್ಟ ಭಾಗವನ್ನು ತೆಗೆದು, ಮೃತದೇಹದಿಂದ ಪಡೆದ ಧಮನಿಯ ತುಂಡನ್ನು ಜೋಡಿಸಿದ್ದರು. ಅಮೆರಿಕದ ಮೈಕೇಲ್ ಡಿಬೇಕಿ ಡೇಕ್ರಾನ್ ಬಟ್ಟೆಯನ್ನು ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿಯೇ ಕೃತಕ ನಾಳ ಹೊಲಿದರು. 1955ರ ಏಪ್ರಿಲಿನಲ್ಲಿ ಐನ್‌ಸ್ಟೈನರ ಧಮನಿ ಸೋರತೊಡಗಿದಾಗ ಶಸ್ತ್ರಕ್ರಿಯೆಯ ಸಲಹೆ ಬಂದಿತು. ಅವರು ಒಪ್ಪಲಿಲ್ಲ, ಆಯುಸ್ಸನ್ನು ಕೃತಕವಾಗಿ ಎಳೆಯುವುದು ಅವರಿಗೆ ಬೇಡವಾಗಿತ್ತು. 18ರಂದು, 76ನೆಯ ವಯಸ್ಸಿನಲ್ಲಿ, ತೀರಿಕೊಂಡರು.

1990ರಲ್ಲಿ ಅರ್ಜೆಂಟೀನದ ಹ್ವಾನ್ ಪರೋಡಿ ಹೊಟ್ಟೆಯನ್ನು ಕೊಯ್ಯದೆ, ತೊಡೆಸಂದಿನ ಧಮನಿಯ ಮೂಲಕವೇ ಬಟ್ಟೆಯ ನಾಳವನ್ನು ಒಳಗೆ ಕೂರಿಸಿದರು. ಕಟ್ಟುವುದರಿಂದ ಸುತ್ತುವುದಕ್ಕೆ, ಸುತ್ತುವುದರಿಂದ ಬದಲಿಸುವುದಕ್ಕೆ, ಬದಲಿಸುವುದರಿಂದ ಒಳಗಿನಿಂದಲೇ ಒತ್ತುಕೊಡುವುದಕ್ಕೆ – ವಿದ್ಯೆ ಹೀಗೆ ನಡೆದುಬಂದಿದೆ.

ಆದರೂ ಒಡೆದ ಧಮನಿಗೆ ಕಾಯುವ ತಾಳ್ಮೆಯಿಲ್ಲ. ಅನೇಕರಲ್ಲಿ ಉಬ್ಬು ಸದ್ದಿಲ್ಲದೆ ಬೆಳೆಯುತ್ತದೆ. ಹೊಟ್ಟೆಯದನ್ನು ನೋವಿಲ್ಲದ ಸ್ಕ್ಯಾನಿಂಗ್ ತೋರಿಸಿಕೊಡುತ್ತದೆ. ನಿಮ್ಮ ಮನೆಯ ಹಿರಿಯರು ಬೀಡಿ ಸಿಗರೇಟು ಸೇದುವವರಾದರೆ, ವೈದ್ಯರನ್ನು ಒಮ್ಮೆ ಕೇಳಿ ನೋಡಿ. ಹಠಾತ್ತನೆ ಹೊಟ್ಟೆ, ಬೆನ್ನು ಅಥವಾ ಎದೆಯಲ್ಲಿ ಸೀಳುವ ನೋವು, ಹಿಂದೆಂದೂ ಕಾಣದ ತಲೆನೋವು ಬಂದರೆ ಕಷಾಯ ಕಾಯಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.