ಕೈರೋದಲ್ಲಿ ವಾದ್ಯಗಳ ವಾದ

ವಾದ್ಯವೊಂದನ್ನು ಮುಂದಿಟ್ಟುಕೊಂಡು ಪಂಡಿತರು ಜಗಳವಾಡುವುದು ನಮಗೆ ಹೊಸತಲ್ಲ. ಆದರೆ ಒಂದು ದೇಶದ ದೊರೆಯೇ ಹತ್ತು ಕಡೆಗಳಿಂದ ವಿದ್ವಾಂಸರನ್ನು ಕರೆಸಿ, ಸುಮಾರು ಮೂರು ವಾರ ಕೂರಿಸಿ, ತನ್ನ ನಾಡಿನ ಸಂಗೀತದ ಹಣೆಬರಹವನ್ನು ವಿಚಾರಿಸಿದ ಪ್ರಸಂಗ ಅಪರೂಪವೆಂದೇ ಹೇಳಬೇಕು. ೧೯೩೨ನೆಯ ಇಸವಿಯ ಮಾರ್ಚ್ ತಿಂಗಳ ನಡುವಿನಿಂದ ಏಪ್ರಿಲ್ ೩ರ ವರೆಗೆ ಕೈರೋ ನಗರದಲ್ಲಿ ಅದು ನಡೆಯಿತು. ಆಶ್ರಯ ಈಜಿಪ್ಟಿನ ದೊರೆ ಫುವಾದನದು. ಹೆಸರು ಅರಬ್ ಸಂಗೀತ ಪರಿಷತ್ತು. ಇದರ ಬೀಜ ಬಿತ್ತಿದವರಲ್ಲಿ ಮುಖ್ಯನಾದವನು ಟ್ಯೂನಿಸಿಯಾದಲ್ಲಿ ಮನೆ ಕಟ್ಟಿಕೊಂಡು ನೆಲೆಸಿದ್ದ ಚಿತ್ರಕಾರ ಬ್ಯಾರನ್ ದೆರ್ಲಾಂಜೆ. ಪಾಪ, ಕಾಯಿಲೆಯಿಂದಾಗಿ ಆತನಿಗೆ ಕೈರೋಗೆ ಬರಲಾಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡ.

ಪರಿಷತ್ತು ಏಳು ಸಮಿತಿಗಳಾಗಿ ಒಡೆದು ಕೆಲಸಕ್ಕೆ ಕುಳಿತಿತು. ಸ್ವರಸಪ್ತಕದ ಸಮಿತಿಯವರು ಒಂದು ಸ್ಥಾಯಿಯನ್ನು ೨೪ ಸಮಭಾಗ ಮಾಡಬಹುದೇ ಕೂಡದೇ ಎಂದು ಗುದ್ದಾಡಿದರು. ಆ ಲೆಕ್ಕದ ಗೋಜು ನಮಗೆ ಬೇಡ. ನನ್ನ ಮನಸ್ಸನ್ನು ಹಿಡಿದಿಟ್ಟದ್ದು ವಾದ್ಯಗಳ ಸಮಿತಿ. ಅದರ ಅಧ್ಯಕ್ಷ ಬರ್ಲಿನ್ನಿನ ಕುರ್ಟ್ ಸಾಕ್ಸ್.

ಈ ಸಾಕ್ಸ್ ಮಹಾಶಯನಿಗೂ ನಮಗೂ ಒಂದು ನಂಟುಂಟು. ಆತನೂ ಹಾರ್ನ್‌ಬೋಸ್ಟೆಲ್ ಎಂಬ ವಿದ್ವಾಂಸನೂ ಕೂಡಿ ೧೯೧೪ರಲ್ಲಿ ಲೋಕದ ವಾದ್ಯಗಳನ್ನೆಲ್ಲ ನಾಲ್ಕು ಕುಲಗಳಾಗಿ ವಿಂಗಡಿಸಿದರು: ತಂತಿ ಮಿಡಿಯುವುದು, ಗಾಳಿ ಊದುವುದು, ಚರ್ಮ ಬಿಗಿದದ್ದು, ತಾನೇ ಇಡಿಯಾಗಿ ನುಡಿಯುವುದು. ನಾಟ್ಯಶಾಸ್ತ್ರ ಓದಿದವರು ಇಲ್ಲಿ ಮುಗುಳ್ನಗದೆ ಇರಲಾರರು. ತತ, ಸುಷಿರ, ಅವನದ್ಧ, ಘನ! ಈ ವಿಂಗಡಣೆಯ ಮೂಲಮಾದರಿ ಬ್ರಸೆಲ್ಸಿನ ವಾದ್ಯಸಂಗ್ರಹಾಲಯದ ಮಾಹಿಯೋಂ ಎಂಬಾತನದು. ಅವನ ಕೈಗೆ ಭಾರತದ ವಾದ್ಯಗಳು ಬಂದದ್ದು ಹೇಗೆಂದರೆ, ಕಲ್ಕತ್ತೆಯ ಸೌರೀಂದ್ರ ಮೋಹನ ಠಾಕೂರರು ೧೮೭೬ರಲ್ಲಿ ಬೆಲ್ಜಿಯಂ ದೊರೆಗೆ ಸುಮಾರು ನೂರು ವಾದ್ಯಗಳನ್ನು ಕಾಣಿಕೆಯಾಗಿ ಕಳಿಸಿದ್ದರು. ನಮ್ಮ ಭರತಮುನಿ ಹೀಗೆ ಬ್ರಸೆಲ್ಸ್, ಬರ್ಲಿನ್ ಸುತ್ತಿಕೊಂಡು ಕೈರೋ ತಲುಪಿದನೆನ್ನಬಹುದು.

ಈಜಿಪ್ಟಿನ ಮೇಳಕ್ಕೆ ತಖ್ತ್ ಎಂದು ಹೆಸರು. ಊದ್ ಎಂಬ ಮೀಟುವಾದ್ಯ, ನಾಯ್ ಎಂಬ ಕೊಳಲು, ರಿಕ್ ಎಂಬ ಗೆಜ್ಜೆಯುಳ್ಳ ತಮಟೆ, ಬಹು ತಂತಿಗಳ ಕಾನೂನ್, ಇವು ಅದರ ಅಂಗಗಳು. (ನಮ್ಮ ಕೋರ್ಟಿನ ಕಾನೂನೂ ಅದೇ ಶಬ್ದ. ಕಚೇರಿಯೆಂದರೆ ನಮ್ಮಲ್ಲಿ ಎರಡೂ ಉಂಟಲ್ಲ!) ಯೂರೋಪಿನ ಪಿಟೀಲು ಈ ಮೇಳದೊಳಗೆ ಆಗಲೇ ಸೇರಿ ಮನೆಮಗನಾಗಿತ್ತು. ಪ್ರಶ್ನೆ ಬಂದದ್ದು ಪಿಯಾನೋ, ಚೆಲ್ಲೋಗಳನ್ನು ಕುರಿತು. ಕಾಲುಸ್ವರಗಳನ್ನು ನುಡಿಸುವಂತೆ ಕಟ್ಟಿದ ಪಿಯಾನೋಗಳನ್ನೇ ಕೆಲವರು ಅಲ್ಲಿಗೆ ತಂದಿದ್ದರು.

ವಿಚಿತ್ರವೇನೆಂದರೆ, ಪಿಯಾನೋ ಬೇಡವೆಂದವರಲ್ಲಿ ಮುಂದಾಳುಗಳು ಯೂರೋಪಿನವರು; ಬೇಕೆಂದವರಲ್ಲಿ ಬಹುಮಂದಿ ಈಜಿಪ್ಟಿನವರು! ಹಳೆಯದು ಹಾಳಾಗುತ್ತದೆಂದು ಸಾಕ್ಸನ ಪಕ್ಷ. ಬೆಳೆಯುವ ನಾಡಿಗೆ ಬೆಳೆಯುವ ವಾದ್ಯ ಬೇಡವೆ ಎಂದು ಇವರ ಪಕ್ಷ. ಸಾಕ್ಸನ ಕಿವಿ ಸೂಕ್ಷ್ಮವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೂ ಪರರ ಮನೆಯ ಹಳೆಯ ತೊಲೆಯನ್ನು ಮೆಚ್ಚುವ ಅತಿಥಿಗೆ ಆ ಮನೆಯೊಳಗೆ ಸಂಸಾರ ಹೂಡುವ ಕಷ್ಟ ತಿಳಿಯದೆಂದು ಈಜಿಪ್ಟಿನವರಿಗೆ ಅನ್ನಿಸಿದ್ದರೆ, ನಾನಂತೂ ಅವರನ್ನು ದೂರಲಾರೆ.

ನಮ್ಮಲ್ಲಿಯೂ ಇದೇ ಕಥೆಯಲ್ಲವೆ? ಪಿಟೀಲಿಗೆ ಮೆಟ್ಟುಗಳ ಕಟ್ಟಿಲ್ಲ, ಬೆರಳು ಜಾರಿದಲ್ಲೆಲ್ಲ ಗಮಕ. ಆದ್ದರಿಂದ ಅದು ಸುಲಭವಾಗಿ ನಮ್ಮದಾಯಿತು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಯನ್ನೇ ಹೂಡಿದರು. ಹಾರ್ಮೋನಿಯಂನ ಕರಿ ಬಿಳಿ ಪಟ್ಟಿಗಳು ಜಾರಲೊಲ್ಲವು. ಕಂಪನಿ ನಾಟಕಗಳಲ್ಲಿ ರಾಜನಾಗಿ ಮೆರೆದ ಅದಕ್ಕೆ ೧೯೪೦ರಲ್ಲಿ ಅಖಿಲ ಭಾರತ ರೇಡಿಯೋ ಬಾಗಿಲು ಮುಚ್ಚಿತು. ೧೯೭೦ರ ದಶಕ ಬಂದ ಮೇಲೆಯೇ ಅದು ತೆರೆದದ್ದು. ಪಿಯಾನೋದ ತೊಡಕೂ ಇದೇ ಜಾತಿಯದು.

ಮಾತಿನ ಯುದ್ಧದಲ್ಲಿ ಯಾರು ಗೆದ್ದರೆಂಬುದು ಈಗ ದೊಡ್ಡ ಸಂಗತಿಯಲ್ಲ. ಚೆಲ್ಲೋ ಈಜಿಪ್ಟಿನ ಮೇಳಕ್ಕೆ ನುಗ್ಗಿಯೇ ನುಗ್ಗಿತು. ೧೯೬೪ರಲ್ಲಿ ಉಮ್ ಕುಲ್ಥುಮ್ ಹಾಡಿದ ‘ಇಂತಾ ಉಮ್ರಿ’ಗೆ ವಿದ್ಯುತ್ ಗಿಟಾರೂ ಬಂದಿತು. ಕಾಲುಸ್ವರದ ಪಿಯಾನೋ ಮಾತ್ರ ಬೇರೂರಲಿಲ್ಲ. ಪರಿಷತ್ತಿನ ನಿಜವಾದ ಸಂಪಾದನೆ ಬೇರೊಂದು ಕೋಣೆಯಲ್ಲಿ ನಡೆದಿತ್ತು. ಅಲ್ಲಿ ರಾಬರ್ಟ್ ಲಾಖ್‌ಮನ್ನನ ಅಧ್ಯಕ್ಷತೆಯ ಸಮಿತಿ, ಮೊರಾಕೋದಿಂದ ಇರಾಕಿನ ವರೆಗಿನ ಮೇಳಗಳನ್ನು ಗ್ರಾಮಾಫೋನ್ ತಟ್ಟೆಗಳಲ್ಲಿ ಹಿಡಿದಿಡುತ್ತಿತ್ತು. ಹಂಗೆರಿಯ ಬಾರ್ಟೋಕ್ ಕೂಡ ಆ ಕೆಲಸಕ್ಕೆ ಕಿವಿಗೊಟ್ಟವರಲ್ಲೊಬ್ಬ.

ಇರಾಕಿನ ಮೇಳದ ಗಾಯಕ ಮುಹಮ್ಮದ್ ಅಲ್-ಕುಬ್ಬಾಂಜಿ. ಆತನ ಹಿಂದೆ ಕುಳಿತ ವಾದಕರಲ್ಲಿ ಬಹುಮಂದಿ ಯಹೂದಿಗಳು. ಅವರ ವಾದ್ಯಗಳಲ್ಲೊಂದು ಜೋಜಾ: ತೆಂಗಿನ ಕರಟಕ್ಕೆ ಚರ್ಮ ಬಿಗಿದು, ನಾಲ್ಕು ತಂತಿ ಎಳೆದು, ಕಮಾನಿನಿಂದ ನುಡಿಸುವ ಪುಟ್ಟ ವಾದ್ಯ. ಇರಾಕು ಖರ್ಜೂರದ ನಾಡು, ತೆಂಗಿನದಲ್ಲ. ಅರಬ್ಬಿಯಲ್ಲಿ ತೆಂಗಿನಕಾಯಿಗೆ ‘ಹಿಂದೂಸ್ಥಾನದ ಕಾಯಿ’ ಎಂಬರ್ಥದ ಹೆಸರಿದೆ. ಆ ‘ಕಾಯಿ’ ಎಂಬ ಪದವೇ ವಾದ್ಯದ ಹೆಸರಾಯಿತು. ಕರಟ ಬಿಸಾಡುವ ನಮಗೆ ಇದು ಹೊಳೆಯಬೇಕೆ!

ಮರುವರ್ಷವೇ ಕಾಲ ತಿರುಗಿತು. ೧೯೩೩ರಲ್ಲಿ ಹಿಟ್ಲರನ ಆಳಿಕೆ ಬಂದು ಸಾಕ್ಸ್, ಹಾರ್ನ್‌ಬೋಸ್ಟೆಲ್, ಲಾಖ್‌ಮನ್ ಮೂವರೂ ಕೆಲಸ ಕಳೆದುಕೊಂಡರು. ಸಾಕ್ಸ್ ಪ್ಯಾರಿಸಿಗೆ ಹೋಗಿ, ಅಲ್ಲಿಂದ ನ್ಯೂಯಾರ್ಕ್ ಸೇರಿ, ೧೯೪೦ರಲ್ಲಿ ವಾದ್ಯಗಳ ಚರಿತ್ರೆಯ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಹಾರ್ನ್‌ಬೋಸ್ಟೆಲ್ ೧೯೩೫ರಲ್ಲಿ ಕೇಂಬ್ರಿಜ್ಜಿನಲ್ಲಿ ತೀರಿಕೊಂಡ. ಜೆರೂಸಲೇಮಿಗೆ ಹೋದ ಲಾಖ್‌ಮನ್ ೧೯೩೯ನ್ನು ದಾಟಲಿಲ್ಲ. ಅತ್ತ ಬಾಗ್ದಾದಿನಲ್ಲಿ, ೧೯೫೦-೫೧ರಲ್ಲಿ ಲಕ್ಷಕ್ಕೂ ಮಿಕ್ಕ ಯಹೂದಿಗಳು ಊರು ಬಿಟ್ಟರು. ತಲೆಮಾರುಗಳಿಂದ ಜೋಜಾ, ಸಂತೂರ್ ಕಲಿಸುತ್ತಿದ್ದ ಮನೆಗಳು ಅವರೊಡನೆಯೇ ಹೊರಟವು.

ಯಾವ ವಾದ್ಯ ಇರಬೇಕೆಂದು ಮತ ಹಾಕಿದ ಪಂಡಿತರಿಗೆ, ನುಡಿಸುವವನೇ ಊರಲ್ಲಿ ಇಲ್ಲದಾದಾನೆಂಬುದು ಹೊಳೆಯದೆ ಹೋಯಿತು. ತಟ್ಟೆಗಳಲ್ಲಿ ಒಂದು ಕಟ್ಟು ಪ್ಯಾರಿಸಿನಲ್ಲಿ ಉಳಿದಿತ್ತು. ಅದನ್ನು ೨೦೧೫ರಲ್ಲಿ ೧೮ ಸಿ.ಡಿ.ಗಳಾಗಿ ಹೊರತಂದರು. ಅದರಲ್ಲಿ ಕುಬ್ಬಾಂಜಿಯ ಹಾಡಿನ ಜೊತೆಜೊತೆಗೆ ಕರಟದ ದನಿ, ತುಸು ಮೂಗಿನಲ್ಲಿ, ಈಗಲೂ ಕೇಳಿಸುತ್ತದೆ.